ದೊಡ್ಡಮ್ಮನಿಗೆ ಅನುಮಾನ ತಂದ ಸರಿ ಉತ್ತರಗಳು

ನಮ್ಮ ದೊಡ್ಡಮ್ಮ ಯಾವುದನ್ನೂ ಒಂದೇ ಮಾತಿಗೆ ನಂಬಿದವರಲ್ಲ. ಹಾಲು ಬಂದರೆ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ನೋಡುತ್ತಿದ್ದರು. ಬಾಗಿಲಿಗೆ ಬೀಗ ಹಾಕಿ ಬೀದಿಯ ತಿರುವಿನವರೆಗೂ ಹೋಗಿ, ವಾಪಸ್ ಬಂದು ಬೀಗ ಜಗ್ಗುತ್ತಿದ್ದರು. ಗೋಡೆ ಗಡಿಯಾರ ಎಂಟು ಹೊಡೆದರೆ ಪಕ್ಕದ ಮನೆಯ ರೇಡಿಯೊ ಅದಕ್ಕೆ ಹೂಂ ಅನ್ನಬೇಕಿತ್ತು. ಸಿಟಿ ಬಸ್ಸಿನ ಡ್ರೈವರ್ ಆಗಿದ್ದ ದೊಡ್ಡಪ್ಪ ಊಟಕ್ಕೆ ಕೂತಾಗ ನನಗೆ ಹೇಳುತ್ತಿದ್ದರು: "ಮದುವೆಗೆ ಒಪ್ಪೋ ಮುಂಚೆ ನಿಮ್ಮ ದೊಡ್ಡಮ್ಮ ಮುಖ ಮುಚ್ಚಿಕೊಂಡು ನನ್ನ ಬಸ್ಸಲ್ಲಿ ಒಂದು ಸುತ್ತು ಹೋಗಿ ಬಂದಿದ್ಲು. ಬ್ರೇಕ್ ಹೇಗೆ ಹಾಕ್ತೀನಿ ಅಂತ ನೋಡೋಕೆ."

"ಸುಮ್ಮನೆ ಊಟ ಮಾಡ್ರಿ" ಎನ್ನುತ್ತಿದ್ದರು ದೊಡ್ಡಮ್ಮ. ಅದು ಸುಳ್ಳು ಅಂತ ಮಾತ್ರ ಎಂದೂ ಹೇಳಲಿಲ್ಲ.

ಈ ಗುಣ ಚಿಕ್ಕಂದಿನಲ್ಲೇ ಅಂಟಿದ್ದು. ಅವರ ಅಣ್ಣ, ಅಂದರೆ ನನ್ನ ಸೋದರಮಾವ, ಬ್ರೆಡ್ಡು ಕೊಯ್ಯುವಾಗ "ನೋಡು, ನಿನಗೆ ಎರಡು ತುಂಡು, ನನಗೆ ಒಂದೇ" ಎಂದು ತ್ಯಾಗಮೂರ್ತಿಯ ಮುಖ ಮಾಡುತ್ತಿದ್ದರಂತೆ. ತಂಗಿಗೆ ಅಣ್ಣನ ಮೇಲೆ ಪ್ರೀತಿ ಉಕ್ಕುತ್ತಿತ್ತು. ಒಂದು ದಿನ ಏನನ್ನಿಸಿತೋ, ತನ್ನ ಎರಡು ತುಂಡನ್ನೂ ಜೋಡಿಸಿ ಅಣ್ಣನ ಒಂದರ ಪಕ್ಕ ಇಟ್ಟು ನೋಡಿದಳು. ಅಣ್ಣನದೇ ಉದ್ದ. ಅವತ್ತಿನಿಂದ ಆ ಮನೆಯಲ್ಲಿ ಅಣ್ಣನ ಕೈಗೆ ಚಾಕು ಸಿಗಲಿಲ್ಲ, ತಂಗಿಗೆ ಲೆಕ್ಕದ ಹುಚ್ಚು ಬಿಡಲಿಲ್ಲ.

ಮುಂದೆ ದೊಡ್ಡಮ್ಮ ಪ್ರಾಥಮಿಕ ಶಾಲೆಯಲ್ಲಿ ಲೆಕ್ಕದ ಟೀಚರ್ ಆದರು. ಯಾವ ಶಾಲೆಗೆ ಹೋದರೂ ಮಕ್ಕಳು ಅವರಿಗೆ ಇಡುತ್ತಿದ್ದ ಹೆಸರು ಒಂದೇ: ಅನುಮಾನ ಟೀಚರ್. ನಾನು ಓದಲೆಂದು ಅವರ ಮನೆಯಲ್ಲಿದ್ದ ವರ್ಷವೇ ಅವರಿಗೆ ನಡುವರ್ಷದಲ್ಲಿ ಹೊಸ ಶಾಲೆಗೆ ವರ್ಗವಾಯಿತು. ಅಲ್ಲಿನ ಐದನೇ ತರಗತಿಯ ಟೀಚರ್ ಹೆರಿಗೆ ರಜೆಗೆ ಹೋಗಿದ್ದರು. ಎಲ್ಲರಿಗೂ ಬೇಕಾದವರು, ಸದಾ ನಗುಮುಖ. ಅವರ ಜಾಗಕ್ಕೆ ಗಂಟುಮೋರೆಯ ನಮ್ಮ ದೊಡ್ಡಮ್ಮ ಹೋದರು.

ಮೊದಲ ದಿನವೇ ಹೆಡ್ಮಾಸ್ಟರು ಎದೆಯುಬ್ಬಿಸಿ ಹೇಳಿದರು: "ನಮ್ಮ ಐದನೇ ಕ್ಲಾಸು ಚಿನ್ನದಂಥದ್ದು ಮೇಡಂ. ಭಿನ್ನರಾಶಿ ಅಂದ್ರೆ ಬೇರೆ ಶಾಲೆಗಳಲ್ಲಿ ಮಕ್ಕಳು ಅಳ್ತವೆ. ನಮ್ಮವು ನೀರು ಕುಡಿದ ಹಾಗೆ ಮಾಡ್ತವೆ."

ದೊಡ್ಡಮ್ಮ ಮಾಸ್ತರಿಕೆಯಲ್ಲಿ ತಲೆ ನೆರೆಸಿದವರು. ಭಿನ್ನರಾಶಿಯನ್ನು ನೀರು ಕುಡಿದ ಹಾಗೆ ಮಾಡುವ ಮಕ್ಕಳನ್ನು ಅವರು ಕಂಡೇ ಇರಲಿಲ್ಲ. ಮಾರನೆಯ ದಿನವೇ ಪರೀಕ್ಷೆ ಕೊಟ್ಟರು. ಎರಡೆರಡು ಭಿನ್ನರಾಶಿ, ಯಾವುದು ದೊಡ್ಡದು ಹೇಳಬೇಕು. ನಾಲ್ಕರಲ್ಲಿ ಮೂರೋ ಎಂಟರಲ್ಲಿ ಐದೋ? ಮೂರರಲ್ಲಿ ಎರಡೋ ಏಳರಲ್ಲಿ ನಾಲ್ಕೋ? ಪುಸ್ತಕದಲ್ಲಿದ್ದಂಥವೇ. ಎರಡಕ್ಕೂ ಒಂದೇ ಛೇದ ತಂದು, ಮೇಲಿನ ಅಂಶಗಳನ್ನು ಹೋಲಿಸಿ, ಆಮೇಲೆ ಉತ್ತರ ಬರೆಯಬೇಕು.

ತರಗತಿಗೆ ತರಗತಿಯೇ ಸರಿ ಉತ್ತರ ಬರೆದಿತ್ತು. ಒಬ್ಬರೂ ಛೇದ ಸಮ ಮಾಡಿರಲಿಲ್ಲ. ಒಂದು ಗುಣಾಕಾರವಿಲ್ಲ, ಒಂದು ಚಿತ್ತಿಲ್ಲ. ಬರೀ ಉತ್ತರ.

ಆ ಸಂಜೆ ದೊಡ್ಡಮ್ಮ ಚಪ್ಪಲಿ ಬಿಚ್ಚುವ ಮೊದಲೇ ಹೇಳಿದರು: "ಏನೋ ನಡೀತಿದೆ ಅಲ್ಲಿ."

"ಎಲ್ಲಾ ಸರಿ ಮಾಡಿದಾವೆ ಅಂದ್ರೆ ಸಂತೋಷ ಪಡಬೇಕಪ್ಪ" ಎಂದರು ದೊಡ್ಡಪ್ಪ.

"ಸರಿ ಮಾಡಿರೋದಕ್ಕೇ ಹೇಳ್ತಿರೋದು. ತಪ್ಪು ಮಾಡಿದ್ದಿದ್ರೆ ನೆಮ್ಮದಿಯಾಗಿ ಇರ್ತಿದ್ದೆ."

ನಕಲು ಅಂದುಕೊಂಡರು ಮೊದಲು. ಮಕ್ಕಳನ್ನು ದೂರದೂರ ಕೂರಿಸಿದರು. ಜಾಗ ಸಾಲದೆ ಕೆಲವರನ್ನು ವರಾಂಡದಲ್ಲಿ, ಒಬ್ಬಳನ್ನು ತಮ್ಮ ಮೇಜಿನ ಪಕ್ಕದಲ್ಲೇ ಕೂರಿಸಿದರು. ಉತ್ತರಗಳು ಮತ್ತೆ ಸರಿ. ಹಾಗಾದರೆ ಪ್ರಶ್ನೆಗಳು ಮೊದಲೇ ಹೊರಗೆ ಹೋಗುತ್ತಿವೆ ಎಂದು ಲೆಕ್ಕ ಹಾಕಿದರು. ಪ್ರಶ್ನೆ ಬರೆದ ಹಾಳೆಯನ್ನು ಹಿಂದಿನ ದಿನ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದರು. ಊಟದ ಬಿಡುವಿನಲ್ಲಿ ಪಕ್ಕದ ಕೋಣೆಯ ಮೇಷ್ಟ್ರು ದೊಡ್ಡಮ್ಮನ ತರಗತಿಯಿಂದ ಹೊರಗೆ ಬರುತ್ತಿದ್ದುದನ್ನು ಕಣ್ಣಾರೆ ಕಂಡಿದ್ದರು.

ಆ ಮೇಷ್ಟ್ರು ಸಾಧು ಮನುಷ್ಯ. ಆರನೇ ತರಗತಿಗೆ ಸಮಾಜ ಪಾಠ ಮಾಡುತ್ತಿದ್ದರು. ದೊಡ್ಡಮ್ಮ ಹೊಸಬರೆಂದು ಡಸ್ಟರು, ಸೀಮೆಸುಣ್ಣ ಎಲ್ಲಿದೆ ಎಂದು ತೋರಿಸಿಕೊಟ್ಟವರೇ ಅವರು. ಅದೂ ಈಗ ದೊಡ್ಡಮ್ಮನಿಗೆ ಬೇರೆ ಅರ್ಥದಲ್ಲೇ ಕಾಣತೊಡಗಿತು. ಸುಮ್ಮಸುಮ್ಮನೆ ಯಾರಾದರೂ ಅಷ್ಟು ಒಳ್ಳೆಯವರಾಗುತ್ತಾರೆಯೇ? ಟೀಚರುಗಳ ಕೋಣೆಯಲ್ಲಿ ಎಲ್ಲರೆದುರಿಗೇ ಕೇಳಿಬಿಟ್ಟರು.

"ಮೇಷ್ಟ್ರೇ, ನಿನ್ನೆ ನಮ್ಮ ಕ್ಲಾಸಲ್ಲಿ ನಿಮಗೇನು ಕೆಲಸವಿತ್ತು?"

"ಕಿಟಕಿ ಬಾಗಿಲು ಗಾಳಿಗೆ ಪಟಪಟ ಬಡ್ಕೊಳ್ತಿತ್ತು ಮೇಡಂ. ಚಿಲಕ ಹಾಕಿ ಬಂದೆ."

"ಚಿಲಕ ಮಾತ್ರ ಹಾಕಿದ್ರಾ? ಡ್ರಾಯರು ಮುಟ್ಟಲಿಲ್ವಾ?"

ಮೇಷ್ಟ್ರ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು. ಮಾತು ಅರ್ಥವಾದ ಮೇಲೆ ಲೋಟ ಕೆಳಗಿಟ್ಟು ಎದ್ದು ಹೋದರು. ಉಳಿದವರು ದೊಡ್ಡಮ್ಮನ ಮುಖ ನೋಡಲಿಲ್ಲ.

ಮುಂದಿನ ಪರೀಕ್ಷೆಯ ಪ್ರಶ್ನೆಗಳನ್ನು ದೊಡ್ಡಮ್ಮ ಎಲ್ಲೂ ಬರೆದಿಡಲಿಲ್ಲ. ತರಗತಿಯಲ್ಲಿ ನಿಂತ ಮೇಲೆ, ಪುಸ್ತಕದಲ್ಲಿದ್ದ ಲೆಕ್ಕಗಳ ಅಚ್ಚಿನಲ್ಲೇ ಒಂದೊಂದನ್ನು ಮನಸ್ಸಿನಲ್ಲೇ ಕಟ್ಟಿ ಬೋರ್ಡಿನ ಮೇಲೆ ಬರೆದರು. ಉತ್ತರಗಳು ಆಗಲೂ ಸರಿಯೇ ಬಂದವು. ಮೇಷ್ಟ್ರ ಪಾತ್ರವೇನೂ ಇಲ್ಲವೆಂದು ಅವರಿಗೆ ಅಲ್ಲೇ ಗೊತ್ತಾಯಿತು. ಆದರೆ ಅನುಮಾನ ಹೋಗಲಿಲ್ಲ, ಹೋಗಲು ಜಾಗ ಸಿಗದೆ ಇನ್ನಷ್ಟು ಬೆಳೆಯಿತು. ಉತ್ತರ ಬರೆಯುತ್ತಿದ್ದ ಮಕ್ಕಳ ನಡುವೆ ಅವರು ಮೆಲ್ಲಗೆ ಓಡಾಡಿದರು. ಆಗ ಕಂಡಿತು: ಡೆಸ್ಕಿನ ಕೆಳಗೆ ಎಲ್ಲರ ಬೆರಳುಗಳೂ ಆಡುತ್ತಿದ್ದವು. ತುಟಿಗಳೂ ಆಡುತ್ತಿದ್ದವು. ಒಬ್ಬ ಹುಡುಗನ ಹಿಂದೆ ನಿಂತು ಕಿವಿಗೊಟ್ಟರು. ಎಂಟರಲ್ಲಿ ಐದು ಎಂಬ ಲೆಕ್ಕದ ಮುಂದೆ ಅವನು ಪಿಸುಗುಟ್ಟುತ್ತಿದ್ದ: "ಆರು, ಏಳು, ಎಂಟು."

ಮನೆಗೆ ಬಂದು ಒಣಗಿದ ಬಟ್ಟೆ ಮಡಚುತ್ತಾ ದೊಡ್ಡಮ್ಮ ಅದನ್ನೇ ಜಪಿಸಿದರು. "ಆರು, ಏಳು, ಎಂಟು. ಅಲ್ಲ ಕಣೋ, ಎಂಟು ಸರಿ. ನಾಲ್ಕನ್ನ ಎಂಟು ಮಾಡ್ಕೋಬೇಕು, ಒಪ್ಪಿದೆ. ಆರಕ್ಕೇನು ಕೆಲಸ ಅಲ್ಲಿ? ಏಳಕ್ಕೇನು ಕೆಲಸ?"

ನನ್ನನ್ನು ಕೇಳಿದರೂ ಅದು ನನಗೆ ಕೇಳಿದ ಪ್ರಶ್ನೆಯಲ್ಲ. ಟವೆಲ್ಲನ್ನು ಮಡಿಲಲ್ಲಿ ಹಾಕಿಕೊಂಡು ತಾವೂ ಮಕ್ಕಳ ಹಾಗೆ ಬೆರಳು ಮಡಚಿದರು. ಐದರ ನಂತರ ಆರು, ಏಳು, ಎಂಟು: ಮೂರು ಬೆರಳು. ಮೂರರ ನಂತರ ನಾಲ್ಕು: ಒಂದು ಬೆರಳು. ಮೂರು ಬೆರಳಿನದು ಚಿಕ್ಕದು, ಒಂದು ಬೆರಳಿನದು ದೊಡ್ಡದು. ಆಮೇಲೆ ಪುಸ್ತಕ ತೆಗೆದು ಆ ಪಾಠದ ಲೆಕ್ಕಗಳನ್ನೆಲ್ಲ ಬೆರಳಿನಲ್ಲೇ ಮಾಡಿ ನೋಡಿದರು. ಪ್ರತಿಯೊಂದೂ ಸರಿ ಬಂತು.

"ಅಯ್ಯೋ ಕಳ್ಳಮುಂಡೇವಾ" ಎಂದರು. ಬೈಗುಳವೇ, ಆದರೆ ದನಿಯಲ್ಲಿ ಸಿಟ್ಟಿರಲಿಲ್ಲ. "ಮೇಲಿನದಕ್ಕೂ ಕೆಳಗಿನದಕ್ಕೂ ಎಷ್ಟು ಅಂತರ ಅಂತ ಎಣಿಸ್ತವೆ. ಅಂತರ ಕಮ್ಮಿ ಇದ್ರೆ ದೊಡ್ಡದು ಅಂತ ಬರೀತವೆ. ಅಷ್ಟೇ! ಭಿನ್ನರಾಶಿ ಅಂದ್ರೆ ಏನು ಅಂತ ಒಂದಕ್ಕೂ ಗೊತ್ತಿಲ್ಲ."

ಮಾರನೆಯ ದಿನ ಅವರು ಬೋರ್ಡಿನ ಮೇಲೆ ಬರೆದದ್ದು ಎರಡೇ ಲೆಕ್ಕ. ಎರಡರಲ್ಲಿ ಒಂದೋ, ಹತ್ತರಲ್ಲಿ ಏಳೋ? ನಾಲ್ಕರಲ್ಲಿ ಮೂರೋ, ಆರರಲ್ಲಿ ಐದೋ? ಡೆಸ್ಕಿನ ಕೆಳಗೆ ಬೆರಳುಗಳು ಆಡಿದವು. ಹತ್ತರಲ್ಲಿ ಏಳಕ್ಕಿಂತ ಅರ್ಧವೇ ದೊಡ್ಡದೆಂದು ಎಲ್ಲರೂ ಬರೆದರು. ನಾಲ್ಕರಲ್ಲಿ ಮೂರೂ ಆರರಲ್ಲಿ ಐದೂ ಸಮ ಎಂದರು. ದೊಡ್ಡಮ್ಮ ಒಂದೊಂದೇ ಪುಸ್ತಕದ ಮೇಲೆ ತಪ್ಪು ಗುರುತು ಹಾಕುತ್ತಾ ಹೋದರು. ತರಗತಿ ಮಂಕಾಯಿತು.

"ಈ ಬೆರಳಿನ ಉಪಾಯ ಯಾರು ಹೇಳಿಕೊಟ್ಟಿದ್ದು?"

ಎಲ್ಲರ ಕಣ್ಣುಗಳೂ ಎರಡನೇ ಸಾಲಿನ ಒಬ್ಬ ಹುಡುಗಿಯ ಕಡೆ ಹೊರಳಿದವು. ಎರಡು ಜಡೆ, ಮಸಿ ಮೆತ್ತಿದ ಬೆರಳು. ಮಾತಿಗೆ ಮಾತು ಕೊಡುತ್ತಿದ್ದುದರಿಂದ ಗೆಳತಿಯರು ಅವಳನ್ನು ವಕೀಲೆ ಎಂದು ಕರೆಯುತ್ತಿದ್ದರು. ವಕೀಲೆ ಎದ್ದು ನಿಂತಳು.

"ಯಾರೂ ಹೇಳಿಕೊಟ್ಟಿಲ್ಲ ಟೀಚರ್. ನಾನೇ ಕಂಡುಹಿಡಿದಿದ್ದು. ಇಷ್ಟು ದಿನ ಎಲ್ಲಾ ಸರಿ ಬಂದಿದೆ. ಇವತ್ತು ನೀವು ಬೇಕಂತಲೇ ಮೋಸದ ಲೆಕ್ಕ ಕೊಟ್ಟಿದ್ದೀರ."

ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಮೋಸ ಅಂತ ಹೇಗೆ ಹೇಳ್ತೀಯ?"

"ಸರಿ ಅಂತ ನೀವು ಹೇಗೆ ಹೇಳ್ತೀರ?"

ಬೇರೆ ಟೀಚರಾಗಿದ್ದರೆ ಅವಳ ಕಿವಿ ಕೆಂಪಾಗುತ್ತಿತ್ತು. ನಮ್ಮ ದೊಡ್ಡಮ್ಮನಿಗೋ ಬಹಳ ದಿನದ ಮೇಲೆ ತಮ್ಮ ಮನೆಭಾಷೆ ಕಿವಿಗೆ ಬಿದ್ದಂತಾಯಿತಂತೆ. ಹಳೇ ಕ್ಯಾಲೆಂಡರಿನ ಹಾಳೆಯಿಂದ ಎರಡು ಉದ್ದ ಪಟ್ಟಿ ಕತ್ತರಿಸಿ, ಒಂದನ್ನು ಅರ್ಧಕ್ಕೆ ಮಡಚಿದರು, ಇನ್ನೊಂದಕ್ಕೆ ಅಳತೆಪಟ್ಟಿಯಿಂದ ಹತ್ತು ಭಾಗದ ಗೆರೆ ಎಳೆದರು.

"ಬಾ, ಇಲ್ಲಿ ನೋಡು. ಇದು ಅರ್ಧ. ಇದು ಹತ್ತರಲ್ಲಿ ಏಳು. ಯಾವುದು ಉದ್ದ?"

ವಕೀಲೆ ಎರಡೂ ಪಟ್ಟಿಗಳನ್ನು ಬಿಡಿಸಿ, ತುದಿಗೆ ತುದಿ ಕೂಡಿಸಿ, ಬೆಳಕಿಗೆ ಹಿಡಿದಳು. "ಟೀಚರ್, ನಿಮ್ಮ ಹತ್ತರ ಪಟ್ಟಿನೇ ಉದ್ದ ಇದೆ. ಉದ್ದದ ಪಟ್ಟಿಯಲ್ಲಿ ಏಳು ತಗೊಂಡ್ರೆ ಉದ್ದ ಬರದೆ ಇನ್ನೇನು?"

ದೊಡ್ಡಮ್ಮ ಬಗ್ಗಿ ನೋಡಿದರು. ಹೌದು. ಕತ್ತರಿ ಓರೆಯಾಗಿ ಹೋಗಿ ಒಂದು ಪಟ್ಟಿ ಕೂದಲೆಳೆಯಷ್ಟು ಉದ್ದವಾಗಿತ್ತು. ಹೋಲಿಸುವ ಮೊದಲು ಪೂರ್ತಿ ಪಟ್ಟಿಗಳು ಸಮ ಇವೆಯೋ ಎಂದು ನೋಡಬೇಕೆಂದು ತಾವು ಎಂದೂ ಮಕ್ಕಳಿಗೆ ಹೇಳಿಕೊಟ್ಟಿರಲಿಲ್ಲ. ಈ ಹುಡುಗಿ ತಾನೇ ನೋಡಿದ್ದಳು.

"ಸರಿ. ನನ್ನನ್ನ ನಂಬಬೇಡ. ನೀನೇ ಕತ್ತರಿಸು."

ವಕೀಲೆ ಕತ್ತರಿಸಿದಳು. ಈ ಸಲ ಒಂದೇ ಪಟ್ಟಿ ತೆಗೆದುಕೊಂಡಳು. ಅದರಲ್ಲಿ ಹತ್ತು ಸಮ ಭಾಗ ಗೆರೆ ಎಳೆದು, ನಡುವಿಗೆ ಮಡಚಿದಳು. ಮಡಿಕೆ ಐದನೇ ಗೆರೆಯ ಮೇಲೇ ಬಿತ್ತು. ಅವಳ ಮುಖ ಬದಲಾಯಿತು. ಅರ್ಧ ಅಂದರೆ ಆ ಹತ್ತರಲ್ಲಿ ಐದು. ಪಕ್ಕದಲ್ಲೇ ಏಳು ಇತ್ತು. ಬೆರಳು ಎಣಿಸುವ ಪ್ರಮೇಯವೇ ಇರಲಿಲ್ಲ.

"ಇದೊಂದೇ ಹೀಗೆ ಇರಬಹುದು" ಎಂದಳು, ದನಿ ತಗ್ಗಿಸಿ.

"ಇರಬಹುದು. ಇನ್ನೊಂದನ್ನೂ ನೋಡು. ನಾಲ್ಕು ಭಾಗದ ಗೆರೆಯೂ ಆರು ಭಾಗದ ಗೆರೆಯೂ ಎರಡೂ ಕೂತ್ಕೊಳ್ಳೋ ಹಾಗೆ ಒಂದು ಪಟ್ಟಿಯನ್ನ ಎಷ್ಟು ಭಾಗ ಮಾಡಬೇಕು?"

ಯಾರೋ ಹಿಂದಿನಿಂದ "ಹತ್ತು" ಎಂದರು. ಮಾಡಿ ನೋಡಿದರೆ ನಾಲ್ಕರ ಮೊದಲ ಗೆರೆ ಎರಡನೇ ಗೆರೆಗೂ ಮೂರನೇ ಗೆರೆಗೂ ನಡುವೆ ತೂಗಾಡಿತು. ವಕೀಲೆ ಮಗ್ಗಿ ಹೇಳಿಕೊಂಡಳು. ನಾಲ್ಕರ ಮಗ್ಗಿಯಲ್ಲೂ ಆರರ ಮಗ್ಗಿಯಲ್ಲೂ ಮೊದಲು ಸಿಗುವುದು ಹನ್ನೆರಡು. ಪಟ್ಟಿಯನ್ನು ಹನ್ನೆರಡು ಭಾಗ ಮಾಡಿದಳು. ನಾಲ್ಕರಲ್ಲಿ ಒಂದು ಅಂದರೆ ಅದರಲ್ಲಿ ಮೂರು ಮನೆ. ಹಾಗಾಗಿ ನಾಲ್ಕರಲ್ಲಿ ಮೂರು ಅಂದರೆ ಒಂಬತ್ತು ಮನೆ. ಆರರಲ್ಲಿ ಒಂದು ಅಂದರೆ ಎರಡು ಮನೆ. ಆರರಲ್ಲಿ ಐದು ಅಂದರೆ ಹತ್ತು ಮನೆ.

"ಒಂಬತ್ತು, ಹತ್ತು" ಎಂದಳು. "ಸಮ ಅಲ್ಲ."

"ಯಾಕೆ ಅಲ್ಲ? ನಿನ್ನ ಉಪಾಯದಲ್ಲಿ ಎರಡಕ್ಕೂ ಒಂದೊಂದು ಬೆರಳೇ ಬಂದಿತ್ತಲ್ಲ?"

ಹುಡುಗಿ ಪಟ್ಟಿಯಲ್ಲಿ ಉಳಿದ ಮನೆಗಳನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಆಮೇಲೆ ಹೇಳಿದಳು: "ಎರಡರಲ್ಲೂ ಒಂದು ತುಂಡು ಕಮ್ಮಿ. ಆದ್ರೆ ಆ ತುಂಡು ಒಂದೇ ಅಳತೆದಲ್ಲ ಟೀಚರ್. ನಾಲ್ಕರ ತುಂಡು ದಪ್ಪ. ಆರರ ತುಂಡು ಸಣ್ಣದು. ನಾನು ದಪ್ಪದ್ದನ್ನೂ ಸಣ್ಣದನ್ನೂ ಒಂದೇ ಅಂತ ಎಣಿಸಿಬಿಟ್ಟೆ."

"ಅದಕ್ಕೇ ಮೊದಲು ತುಂಡುಗಳನ್ನ ಒಂದೇ ಅಳತೆಗೆ ತರಬೇಕು. ಸಮಛೇದ ಅಂದ್ರೆ ಅಷ್ಟೇ. ಆಮೇಲೆ ಎಣಿಸಿದ್ರೆ ಯಾರೂ ಯಾರಿಗೂ ಟೋಪಿ ಹಾಕೋಕಾಗಲ್ಲ."

ಆದರೆ ವಕೀಲೆ ಅಷ್ಟಕ್ಕೇ ಬಿಡುವವಳಲ್ಲ. ಹನ್ನೆರಡೇ ಯಾಕೆ, ಇಪ್ಪತ್ನಾಲ್ಕು ಭಾಗ ಮಾಡಿದರೆ ಉತ್ತರ ತಿರುಗಿಬಿದ್ದೀತೋ ಏನೋ ಎಂಬ ಸಂದೇಹ ಅವಳಿಗೆ. ಅದನ್ನೂ ಮಾಡಿದಳು. ಹದಿನೆಂಟು, ಇಪ್ಪತ್ತು. ಆರರಲ್ಲಿ ಐದೇ ದೊಡ್ಡದು. ಆಗ ಮಾತ್ರ ತನ್ನ ಪುಸ್ತಕ ತೆಗೆದು ತಪ್ಪು ಗುರುತಿನ ಮೇಲೆ ಕೈಯಿಟ್ಟು ಅತ್ತಳು. ತಪ್ಪಾದದ್ದಕ್ಕಲ್ಲ. "ನಾನು ಎಲ್ಲರಿಗೂ ಹೇಳಿಕೊಟ್ಟುಬಿಟ್ಟಿದ್ದೀನಿ ಟೀಚರ್. ಇಷ್ಟು ದಿನ ಯಾಕೆ ಸರಿ ಬಂತು ಮತ್ತೆ?"

"ಪುಸ್ತಕ ಬರೆದವರಿಗೆ ನಿನ್ನಂಥೋಳು ಒಬ್ಬಳು ಇರ್ತಾಳೆ ಅಂತ ಅನುಮಾನ ಬಂದಿಲ್ಲ. ಅವರು ಕೊಟ್ಟಿದ್ದರಲ್ಲೆಲ್ಲ ನಿನ್ನ ಉಪಾಯ ಹೇಗೋ ನಡೆದುಹೋಯ್ತು. ನಾನೂ ಅಂಥವನ್ನೇ ಕೊಟ್ಟೆ" ಎಂದರು ದೊಡ್ಡಮ್ಮ. ಇಡೀ ಶಾಲೆಯಲ್ಲಿ ತಮ್ಮನ್ನು ಬಿಟ್ಟರೆ ಯಾರನ್ನೂ ನಂಬದವರು ಇನ್ನೊಬ್ಬರಿದ್ದಾರೆ ಎಂಬುದು ಅವರಿಗೆ ಆ ಹೊತ್ತಿನಲ್ಲೂ ಒಳಗೊಳಗೇ ಖುಷಿ ಕೊಟ್ಟಿತ್ತೆಂದು ಆಮೇಲೆ ನನ್ನ ಹತ್ತಿರ ಹೇಳಿದರು.

ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಚಿನ್ನದಂಥ ತರಗತಿಯ ಅಂಕಗಳು ದಬದಬನೆ ಬಿದ್ದವು. ಬೆರಳು ಬಿಟ್ಟು ಮಗ್ಗಿ ಹಿಡಿದ ಮಕ್ಕಳು ಗುಣಿಸುವಲ್ಲಿ ಎಡವಿದರು. ಕೆಳಗೆ ಗುಣಿಸಿ ಮೇಲೆ ಗುಣಿಸುವುದನ್ನು ಮರೆತರು. ಹೆಡ್ಮಾಸ್ಟರು ಕರೆಸಿದರು.

"ಏನ್ ಮೇಡಂ ಇದು? ನೆಟ್ಟಗಿದ್ದ ಕ್ಲಾಸನ್ನ ಕೆಡಿಸಿ ಇಟ್ರಲ್ಲ. ಪುಸ್ತಕದ ಲೆಕ್ಕ ಸರಿ ಬರ್ತಿತ್ತೋ ಇಲ್ವೋ?"

"ಬರ್ತಿತ್ತು ಸರ್."

"ಪರೀಕ್ಷೆಗೆ ಬರೋದೂ ಅಂಥವೇ ತಾನೇ? ಮತ್ಯಾಕೆ ಕೆದಕೋದು?"

"ಉತ್ತರ ಸರಿಯಿತ್ತು ಸರ್. ಕಾರಣ ಸರಿಯಿರಲಿಲ್ಲ."

ಹೆಡ್ಮಾಸ್ಟರಿಗೆ ಆ ಮಾತೇ ಹಿಡಿಸಲಿಲ್ಲ. ಪೋಷಕರ ಸಭೆ ಹತ್ತಿರವಿತ್ತು. ಹಿಂದಿನ ಟೀಚರಿಗೆ ಹೊಗಳಿಕೆ ತಂದ ತರಗತಿ ಇದು. ಹೊಸಬರು ಹೊಟ್ಟೆಕಿಚ್ಚಿಗೆ ಹೀಗೆ ಮಾಡುತ್ತಿದ್ದಾರೆಂದು ಅವರಿಗೆ ಬಲವಾದ ಗುಮಾನಿ. ಸಭೆಯ ದಿನ ತಾವೇ ಸೀಮೆಸುಣ್ಣ ಹಿಡಿದು, ವಕೀಲೆಯನ್ನೇ ಮುಂದೆ ಕರೆದು, ಪುಸ್ತಕದಲ್ಲಿದ್ದ ಲೆಕ್ಕವನ್ನೇ ಕೊಟ್ಟರು: ಮೂರರಲ್ಲಿ ಎರಡು ದೊಡ್ಡದೋ, ಏಳರಲ್ಲಿ ನಾಲ್ಕೋ?

ಮೊದಲಾಗಿದ್ದರೆ ಅವಳು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತಿದ್ದಳು. ಈಗ ಬೋರ್ಡಿನ ಮೂಲೆಯಲ್ಲಿ ಮೂರರ ಮಗ್ಗಿ ಬರೆದಳು. ಇಪ್ಪತ್ತೊಂದಕ್ಕೆ ಸುತ್ತು ಹಾಕಿದಳು. ಒಂದು ಕಡೆ ಹದಿನಾಲ್ಕು ಬಂತು. ಇನ್ನೊಂದು ಕಡೆ ಹದಿನೈದು ಬರೆದಳು, ತಲೆ ಕೆರೆದುಕೊಂಡಳು, ಅಳಿಸಿದಳು, ಹನ್ನೆರಡು ಮಾಡಿದಳು. ಪೋಷಕರು ಕುರ್ಚಿಯಲ್ಲಿ ಮಿಸುಕಾಡಿದರು.

"ಹಿಂದಿನ ಟೀಚರ್ ಇದ್ದಾಗ ಹಿಂಗಿರಲಿಲ್ಲಪ್ಪ" ಎಂದು ಒಬ್ಬ ಅಪ್ಪ ಎಲ್ಲರಿಗೂ ಕೇಳುವಂತೆಯೇ ಗೊಣಗಿದರು.

"ಇಷ್ಟು ಹೊತ್ತು ಬೇಕಾ ಇದಕ್ಕೆ?" ಹೆಡ್ಮಾಸ್ಟರು ಕೇಳಿದರು.

"ಬೇಗ ಬಂದ್ರೆ ನಂಬೋಕಾಗಲ್ಲ ಸರ್" ಎಂದಳು ವಕೀಲೆ. ಕೆಲವರು ನಕ್ಕರು. ಹೆಡ್ಮಾಸ್ಟರು ನಗಲಿಲ್ಲ.

ಇದಕ್ಕಿಂತ ಕಷ್ಟದ ಕೆಲಸ ಒಂದು ಉಳಿದಿತ್ತು. ಸಭೆ ಮುಗಿದ ಮೇಲೆ ದೊಡ್ಡಮ್ಮ ಪಕ್ಕದ ಕೋಣೆಗೆ ಹೋದರು. ಮೇಷ್ಟ್ರು ಗೋಡೆಯ ಮೇಲಿನ ಭೂಪಟ ಸುತ್ತಿಡುತ್ತಿದ್ದರು.

"ಮೇಷ್ಟ್ರೇ, ನಾನು ಅವತ್ತು ಹಾಗೆ ಕೇಳಬಾರದಿತ್ತು. ತಪ್ಪಾಯ್ತು."

"ಆಯ್ತು ಮೇಡಂ" ಎಂದರು ಅವರು, ಭೂಪಟಕ್ಕೆ ದಾರ ಕಟ್ಟುತ್ತಾ. "ಆದ್ರೆ ನೀವು ಎಲ್ಲರೆದುರಿಗೆ ಕೇಳಿದ್ರಿ. ತಪ್ಪಾಯ್ತು ಅಂತ ಮಾತ್ರ ಇಲ್ಲಿ ಬಂದು ಹೇಳ್ತಿದ್ದೀರ."

ಮಾರನೆಯ ಬೆಳಿಗ್ಗೆ ಟೀಚರುಗಳ ಕೋಣೆಯಲ್ಲಿ ಎಲ್ಲರೂ ಇದ್ದಾಗ ದೊಡ್ಡಮ್ಮ ಎದ್ದು ನಿಂತು, ನಾನು ಮೇಷ್ಟ್ರ ಮೇಲೆ ಸುಳ್ಳು ಅಪವಾದ ಹೊರಿಸಿದೆ, ಅವರು ಚಿಲಕ ಹಾಕಲು ಬಂದಿದ್ದು ನಿಜ ಎಂದು ಹೇಳಿದರು. ಮೇಷ್ಟ್ರು ತಲೆಯಾಡಿಸಿದರು. ಆದರೂ ಮೊದಲಿನ ಸಲಿಗೆ ಮರಳಿ ಬರಲಿಲ್ಲ. ಅವರ ತರಗತಿಗೆ ಸೀಮೆಸುಣ್ಣ ಬೇಕಾದಾಗ, ಪಕ್ಕದಲ್ಲೇ ಇದ್ದ ದೊಡ್ಡಮ್ಮನನ್ನು ದಾಟಿ ಆಫೀಸಿಗೇ ಹೋಗಿ ತರುತ್ತಿದ್ದರು. ಅದನ್ನು ಹೇಳುವಾಗ ದೊಡ್ಡಮ್ಮ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು.

ವರ್ಷ ಮುಗಿಯುವ ಹೊತ್ತಿಗೆ ಮಕ್ಕಳು ಒಂದು ಹದಕ್ಕೆ ಬಂದರು. ಎಲ್ಲರೂ ಅಲ್ಲ. ಕೆಲವರಿಗೆ ಕೊನೆಯವರೆಗೂ ಬೆರಳಿನ ಮೇಲೇ ಪ್ರೀತಿ ಉಳಿಯಿತು. ರಜೆ ಮುಗಿಸಿ ಹಿಂದಿನ ಟೀಚರ್ ಬಂದರು, ಕಂಕುಳಲ್ಲಿ ಕೂಸು. ದೊಡ್ಡಮ್ಮ ತರಗತಿಯನ್ನು ಒಪ್ಪಿಸುವಾಗ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು. ಆ ಟೀಚರ ನಗು ಮಾಯವಾಯಿತು.

"ನನಗೆ ಗೊತ್ತೇ ಆಗಲಿಲ್ಲವಲ್ಲ. ಎಲ್ಲಾ ಸರಿ ಬರೀತಿದ್ರು ಅಂತ ನಾನು ಒಂದು ಸಲವೂ ಕೇಳಲೇ ಇಲ್ಲ."

"ನೀವು ಮಕ್ಕಳನ್ನ ನಂಬಿದ್ರಿ. ನಾನು ನಂಬಲಿಲ್ಲ. ನಿಮ್ಮನ್ನ ಕಂಡ್ರೆ ಅವು ಓಡಿ ಬರ್ತವೆ, ನನ್ನನ್ನ ಕಂಡ್ರೆ ಬೆರಳು ಬಚ್ಚಿಟ್ಟುಕೊಳ್ತವೆ. ಅದಕ್ಕೇನು ಮಾಡೋದು" ಎಂದರು ದೊಡ್ಡಮ್ಮ.

ಆ ಟೀಚರ್ ಕೂಸನ್ನು ದೊಡ್ಡಮ್ಮನ ಕೈಗೆ ಕೊಟ್ಟು, ಸೀಮೆಸುಣ್ಣ ತೆಗೆದುಕೊಂಡು, "ಆ ಎರಡು ಲೆಕ್ಕ ಯಾವುದು, ಇನ್ನೊಂದು ಸಲ ಹೇಳಿ ಮೇಡಂ" ಎಂದು ಬೋರ್ಡಿನ ಕಡೆ ತಿರುಗಿದರು.